ಉಲ್ಕಾಲೋಹದ ಸಾಕ್ಷ್ಯ

 

ತರ್ಕವ್ಯಾಕರಣಗಳಲ್ಲಿ ಕಾಲ ಕಳೆದ ನಾನು ಕಬ್ಬಿಣದ ವಿಷಯವನ್ನು ನುಡಿಯಹೊರಟುದು ಕೆಲವರಿಗೆ ವಿನೋದವಾಗಿ ತೋರಬಹುದು. ಆದರೆ ಯಾರ ಮಾತು ಪ್ರಮಾಣವೆಂಬ ಪ್ರಶ್ನೆಯು ಇದರಲ್ಲಿ ಅಡಗಿರುವುದರಿಂದ ಅಪ್ಪಣೆ ಬೇಡಿದೆನು.

1751ನೆಯ ಇಸವಿ ಮೇ 26ರ ಸಂಜೆ ಕ್ರೊಯೇಶಿಯಾ ದೇಶದ ಹ್ರಾಶ್ಚಿನಾ ಎಂಬ ಗ್ರಾಮದ ಮೇಲೆ ಬೆಂಕಿಯ ಉಂಡೆಯೊಂದು ಸಿಡಿದು, ಎರಡು ಲೋಹದ ಗಡ್ಡೆಗಳು ನೆಲಕ್ಕೆ ಬಿದ್ದವು. ದೊಡ್ಡದರ ತೂಕ ಸುಮಾರು 39 ಕಿಲೋಗ್ರಾಂ. ಕಣ್ಣಾರೆ ಕಂಡವರು ಆಣೆಯಿಟ್ಟು ಹೇಳಿಕೆ ಕೊಟ್ಟರು. ಝಾಗ್ರೆಬ್ ನಗರದ ಧರ್ಮಾಧಿಕಾರಿಗಳು ಅವನ್ನು ಬರೆಯಿಸಿ, ಗಡ್ಡೆಯೊಡನೆ ವಿಯೆನ್ನಾದ ಅರಮನೆಗೆ ಕಳುಹಿಸಿದರು. ಆದರೆ 1790ರಲ್ಲಿ ಆಂಡ್ರಿಯಾಸ್ ಶ್ಟ್ಯುಟ್ಸನೆಂಬ ಅಲ್ಲಿಯ ವಿದ್ವಾಂಸನು ಆ ಹೇಳಿಕೆಗಳನ್ನು ಓದಿಯೂ ಅದು ಕಟ್ಟುಕಥೆಯೆಂದು ತಳ್ಳಿಹಾಕಿದನು. ಬಾನಿನಿಂದ ಕಬ್ಬಿಣ ಬೀಳುವುದುಂಟೇ ಎಂಬುದೇ ಅವನ ಯುಕ್ತಿ. ಹಳ್ಳಿಗರ ಪ್ರತ್ಯಕ್ಷವು ಪಂಡಿತನ ಅನುಮಾನಕ್ಕೆ ಸೋತಿತು! ಪಂಡಿತರ ಪಂಕ್ತಿಯಲ್ಲಿ ಕುಳಿತುಣ್ಣುವ ನನಗೆ ಇದನ್ನೋದಿ ನಾಚಿಕೆಯಾಯಿತು.

ನಾಲ್ಕೇ ವರ್ಷಗಳಲ್ಲಿ ಖ್ಲಾಡ್ನಿಯೆಂಬವನು ಇಂಥ ಕಬ್ಬಿಣವು ಭೂಮಿಯಾಚೆಯಿಂದಲೇ ಬರುವುದೆಂದು ಗ್ರಂಥ ಬರೆದನು. 1808ರಲ್ಲಿ ವಿಯೆನ್ನಾದ ಕೌಂಟ್ ವಿಡ್ಮನ್‌ಸ್ಟೆಟ್ಟನನು ಅದೇ ಗಡ್ಡೆಯ ಬಿಲ್ಲೆಯೊಂದನ್ನು ನಯಗೊಳಿಸಿ ಕಾಯಿಸಲು, ಪಟ್ಟಿಗಳು ಬೇರೆ ಬೇರೆ ಬಣ್ಣಕ್ಕೆ ತಿರುಗಿ ಚಾಪೆಯ ಹೆಣಿಗೆಯಂತಹ ವಿನ್ಯಾಸವು ಮೂಡಿತು. (ನೇಪಲ್ಸಿನಲ್ಲಿದ್ದ ಥಾಮ್ಸನ್ನನು ಬೇರೊಂದು ಉಲ್ಕೆಗೆ ಆಮ್ಲ ಸವರಿ ಇದನ್ನು ಮೊದಲೇ ಕಂಡು, 1804ರಲ್ಲಿ ಪ್ರಕಟಿಸಿದ್ದನು, ಹೆಸರು ಮಾತ್ರ ಕೌಂಟನಿಗೆ ಸಂದಿತು.)

ಅದರ ಕಾರಣವಿದು. ಉಲ್ಕಾಲೋಹವೆಂದರೆ ನಿಕ್ಕಲ್ ಬೆರೆತ ಕಬ್ಬಿಣ. ಅದು ಘನವಾಗಿ, ಇನ್ನೂ ಬಿಸಿಯಿರುವಾಗ ಒಂದೇ ಬಗೆಯ ಹರಳು. ತಣಿಯುತ್ತ ಬಂದಂತೆ ಅದರೊಳಗೆ ನಿಕ್ಕಲ್ ಕಡಿಮೆಯಿರುವ ಕ್ಯಾಮಸೈಟ್ ಎಂಬುದು ಹಲಗೆಗಳಾಗಿ, ಅಷ್ಟಮುಖಾಕೃತಿಯ ಮುಖಗಳನ್ನನುಸರಿಸಿ, ನಾಲ್ಕು ದಿಕ್ಕಿಗೆ ಬೆಳೆಯುತ್ತದೆ. ನಿಕ್ಕಲ್ ಹೆಚ್ಚಿರುವ ಟೀನೈಟ್ ನಡುವೆ ಉಳಿಯುತ್ತದೆ. ಈ ತಣಿವು ಹತ್ತು ಲಕ್ಷ ವರ್ಷಗಳಿಗೆ ಕೆಲವು ಡಿಗ್ರಿಗಳಿಂದ ಕೆಲವು ಸಾವಿರ ಡಿಗ್ರಿಗಳಷ್ಟು ಮಾತ್ರ. ಯಾವ ಕಮ್ಮಾರನ ಕುಲುಮೆಯೂ ಇದನ್ನು ರಚಿಸಲಾರದು; ಬಲವಾಗಿ ಕಾಯಿಸಿದರೆ ಇದ್ದುದೂ ಅಳಿದುಹೋಗುವುದು.

ತಣಿವಿನ ಲಿಪಿಯಲ್ಲದೆ ಪೆಟ್ಟಿನ ಲಿಪಿಯೂ ಉಂಟು. 1847ರಲ್ಲಿ ಬೊಹೀಮಿಯಾದ ಬ್ರೌನೌ ಎಂಬಲ್ಲಿ ಬಿದ್ದ ಲೋಹದಲ್ಲಿ ಕೂದಲೆಳೆಯಂತಹ ನೇರ ಗೆರೆಗಳನ್ನು ನಾಯ್ಮನ್ನನು ಮರುವರ್ಷವೇ ವರ್ಣಿಸಿದನು. ಥಟ್ಟನೆ ಬಿದ್ದ ಆಘಾತಕ್ಕೆ ಹರಳಿನ ತೆಳುಪದರಗಳು ಜರುಗಿ, ಕನ್ನಡಿಯ ಬಿಂಬದಂತೆ ಮಗುಚಿ ನಿಂತ ಗುರುತುಗಳಿವು. ಕ್ಷ-ಕಿರಣವನ್ನು ಹಾಯಿಸಿ ನೋಡಿದರೆ, ನೆಟ್ಟಗಿರುವ ಹರಳು ಸ್ಫುಟವಾದ ಚುಕ್ಕೆಗಳನ್ನು ತೋರುವುದು. ಒಳಗೆ ಬಿಗಿತವುಂಟಾಗಿ ಬಾಗಿದ್ದರೆ ಅದೇ ಚುಕ್ಕೆಗಳು ಎಳೆದಂತೆ ಉದ್ದವಾಗುವುವು. ಹೊರಗೆ ನಯವಾಗಿ ಕಂಡರೂ ತಾನುಂಡ ಪೆಟ್ಟನ್ನು ಲೋಹವು ಮರೆಮಾಚದು.

ಹ್ರಾಶ್ಚಿನಾದ ಆ ಹಿರಿಯ ಗಡ್ಡೆಯನ್ನು ಇಂದಿಗೂ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.