ಹಸಿರು ಹಲ್ಲಿನ ಜೆನ್ನಿ

ಇಂಗ್ಲೆಂಡಿನ ಲ್ಯಾಂಕಾಷೈರ್, ಚೆಷೈರ್ ಕಡೆ ಕುಂಟೆಯತ್ತ ಹೊರಟ ಮಕ್ಕಳನ್ನು ತಡೆಯಲು ದೊಡ್ಡವರಿಗೆ ಒಂದು ಹೆಸರು ಸಾಕಿತ್ತು: ಜೆನ್ನಿ ಗ್ರೀನ್‌ಟೀತ್. ಹಸಿರು ಹಲ್ಲಿನ ಮುದುಕಿ, ನೀರಂಚಿಗೆ ಬಂದವರನ್ನು ಹಿಡಿದು ಒಳಗೆಳೆಯುವವಳು.

ಕಟ್ಟುಕಥೆ ಎಂದು ನಗುವ ಮೊದಲು ಆ ಕುಂಟೆಯನ್ನೊಮ್ಮೆ ನೋಡಬೇಕು. ನಿಂತ ನೀರಿನಲ್ಲಿ ಡಕ್‌ವೀಡ್ ಎಂಬ ತೇಲುಸಸ್ಯ ಬೆಳೆಯುತ್ತದೆ. ಒಂದೊಂದೂ ಕೆಲವೇ ಮಿಲಿಮೀಟರ್. ಬೇಸಿಗೆಯಲ್ಲಿ ನೋಡನೋಡುತ್ತಲೇ ಹಬ್ಬಿ ನೀರೇ ಕಾಣದಂತೆ ಮುಚ್ಚಿಬಿಡುತ್ತದೆ. ಮಗುವಿನ ಕಣ್ಣಿಗೆ ಅದು ಹುಲ್ಲುಹಾಸು. ಕಾಲಿಟ್ಟಿತೋ, ಸೀದಾ ಒಳಗೆ. ಮೇಲೆ ಹಸಿರು ಬಾಯಿ ಮುಚ್ಚಿದಂತೆ ಮತ್ತೆ ಕೂಡಿಕೊಳ್ಳುತ್ತದೆ. ಕೆಲವೆಡೆ ಜನ ಆ ಸಸ್ಯವನ್ನೇ ಜೆನ್ನಿ ಎಂದು ಕರೆಯುತ್ತಿದ್ದರು. ಹೆದರಿಸಿದವರು ಸುಳ್ಳು ಹೇಳಿದರೆನ್ನಲು ನನಗಂತೂ ಮನಸ್ಸು ಬಾರದು.

ಹರಿಯುವ ನೀರಿಗೆ ಬೇರೆ ಗುಮ್ಮ. ಟೀಸ್ ನದಿಯಲ್ಲಿದ್ದವಳು ಪೆಗ್ ಪೌಲರ್. ವಿಲಿಯಂ ಹೆಂಡರ್ಸನ್ 1866ರಲ್ಲಿ ಉತ್ತರ ಇಂಗ್ಲೆಂಡಿನ ಜಾನಪದದ ಬಗ್ಗೆ ಪುಸ್ತಕ ಪ್ರಕಟಿಸಿದಾಗಲೂ ಅವಳ ಹೆಸರು ಬಳಕೆಯಲ್ಲಿತ್ತು. ನದಿಯ ಮೇಲುಭಾಗದಲ್ಲಿ ರಾಶಿರಾಶಿಯಾಗಿ ತೇಲಿಬರುವ ನೊರೆ ಪೆಗ್ಗಳ ಸಾಬೂನು ನೊರೆಯಂತೆ, ತೆಳುವಾದದ್ದು ಅವಳ ಕೆನೆಯಂತೆ! ಅದರಲ್ಲೂ ಭಾನುವಾರ ದಡದಲ್ಲಿ ಆಡಬಾರದು ಎಂಬ ಕಟ್ಟಪ್ಪಣೆ. ಇಲ್ಲಿ ನೀರಿನ ಭಯದ ಜೊತೆ ಚರ್ಚಿನ ಶಿಸ್ತೂ ಸದ್ದಿಲ್ಲದೆ ಸೇರಿಕೊಂಡಿದೆ. ರಿಬಲ್ ನದಿಯ ಪೆಗ್ ಓ ನೆಲ್ ಇನ್ನೂ ಕಟುಕಿ. ಏಳು ವರ್ಷಕ್ಕೊಂದು ಬಲಿ ಬೇಡುವವಳು.

ಇಂಥ ಹೆದರಿಕೆ ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ. ತತ್ತ್ವಜ್ಞಾನಿ ಜಾನ್ ಲಾಕ್ 1693ರಲ್ಲೇ, ಮಕ್ಕಳ ಶಿಕ್ಷಣದ ಕುರಿತ ತನ್ನ ಪುಸ್ತಕದಲ್ಲಿ, ಆಳುಕಾಳುಗಳು ಮಕ್ಕಳಿಗೆ ಗುಮ್ಮನ ಭಯ ಹುಟ್ಟಿಸುವುದನ್ನು ಖಂಡಿಸಿದ್ದ. ಎಳೆಯ ಮನಸ್ಸಿಗೆ ಇಳಿದ ಭಯ ಸುಲಭವಾಗಿ ಬಿಡುವುದಿಲ್ಲ ಎಂಬುದು ಅವನ ವಾದ.

ಅದಾಗಿ 280 ವರ್ಷಗಳ ಮೇಲೆ, 1973ರಲ್ಲಿ, ಬ್ರಿಟಿಷ್ ಸರ್ಕಾರವೇ ಗುಮ್ಮನನ್ನು ಕೆಲಸಕ್ಕಿಟ್ಟುಕೊಂಡಿತು! ಮಕ್ಕಳು ನೀರಿಗೆ ಬೀಳುವುದನ್ನು ತಪ್ಪಿಸಲು ಟಿವಿಗಾಗಿ ‘ಲೋನ್ಲಿ ವಾಟರ್’ ಎಂಬ ಕಿರುಚಿತ್ರ ಮಾಡಿಸಿತು. ಕೆಸರು ದಡದಲ್ಲಿ, ಮುರಿಯುವ ಕೊಂಬೆಯ ಹಿಂದೆ, ಮುಖವೇ ಕಾಣದ ಕಪ್ಪು ನಿಲುವಂಗಿಯ ಆಕೃತಿ. ಅದಕ್ಕೆ ನಟ ಡೊನಾಲ್ಡ್ ಪ್ಲೆಸೆನ್ಸ್‌ನ ತಣ್ಣನೆಯ ದನಿ. ಆದರೆ ಈ ಸರ್ಕಾರಿ ಗುಮ್ಮನಿಗೆ ಒಂದು ಷರತ್ತಿತ್ತು: ಬುದ್ಧಿವಂತ ಮಕ್ಕಳ ಮುಂದೆ ಅವನ ಆಟ ನಡೆಯದು. ಟೀಸ್ ನದಿಯ ಪೆಗ್ ಮಾತ್ರ ಜಾಣ, ದಡ್ಡ ಎಂದು ನೋಡಿದವಳೇ ಅಲ್ಲ.