ಸರಾಸರಿ ಅಂಕ: ಯಾರಿಗೆ ಎಷ್ಟು?



ಮೇರಿಲ್ಯಾಂಡಿನ ಮಾಂಟ್‌ಗಮರಿ ಕೌಂಟಿಯ ಜರ್ಮನ್‌ಟೌನಿನಲ್ಲಿ ಎಲೆ ಉದುರುವ ಕಾಲ ಬಂತೆಂದರೆ, ಹನ್ನೆರಡನೆಯ ತರಗತಿಯ ಮಕ್ಕಳಿರುವ ಕನ್ನಡ ಮನೆಗಳಲ್ಲಿ ಮಾತು ಒಂದು ಸಂಖ್ಯೆಯ ಸುತ್ತ ಸುತ್ತತೊಡಗುತ್ತದೆ. ಅದರ ಹೆಸರು ಜಿಪಿಎ, ಅಂದರೆ ನಾಲ್ಕು ವರ್ಷಗಳ ಗ್ರೇಡುಗಳ ಸರಾಸರಿ. ನಾರ್ತ್‌ವೆಸ್ಟ್ ಪ್ರೌಢಶಾಲೆಗೆ ಹೋಗುವ ಮಗುವಾಗಲಿ, ಸೆನೆಕಾ ವ್ಯಾಲಿಗೆ ಹೋಗುವ ಮಗುವಾಗಲಿ, ಅದರ ಮುಂದಿನ ಬದುಕೆಲ್ಲ ದಶಮಾಂಶ ಬಿಂದುವಿನ ಬಲಗಡೆಯ ಎರಡು ಅಂಕಿಗಳಲ್ಲಿ ಅಡಗಿದೆ ಎಂಬಂತೆ ತಂದೆತಾಯಿಯರು ನಡೆದುಕೊಳ್ಳುತ್ತಾರೆ. ಈ ಭಯಕ್ಕೆ ಆಧಾರವೇ ಇಲ್ಲವೆನ್ನುವಂತಿಲ್ಲ. ಆದರೆ ಆ ಸಂಖ್ಯೆ ಯಾರ ಬದುಕಿನಲ್ಲಿ, ಯಾವ ಹಂತದಲ್ಲಿ, ಎಷ್ಟು ತೂಗುತ್ತದೆ ಎಂಬುದನ್ನು ಬಿಡಿಸಿ ನೋಡುವ ಅಗತ್ಯವಿದೆ.

ಮೊದಲಿಗೆ, ಆ ಸಂಖ್ಯೆ ಒಂದಲ್ಲ, ಎರಡು. ಮಾಂಟ್‌ಗಮರಿ ಕೌಂಟಿಯ ಸಾರ್ವಜನಿಕ ಶಾಲೆಗಳಲ್ಲಿ ಸಾಮಾನ್ಯ ಲೆಕ್ಕದ ಪ್ರಕಾರ 'ಎ' ಗ್ರೇಡಿಗೆ 4 ಅಂಕ. ಆನರ್ಸ್ ಅಥವಾ ಎಪಿ ತರಗತಿಯಲ್ಲಿ ಪಡೆದ 'ಎ'ಗೆ ತೂಕದ ಲೆಕ್ಕದಲ್ಲಿ 5 ಅಂಕ. ಒಂದೇ ಮಗುವಿಗೆ ಒಂದು ಲೆಕ್ಕದಲ್ಲಿ 3.8, ಇನ್ನೊಂದರಲ್ಲಿ 4.5 ಬರಬಹುದು. ಇದರ ಮೇಲೆ ಗ್ರೇಡು ಕೊಡುವ ವಿಧಾನವೂ ಬದಲಾಗುತ್ತ ಬಂದಿದೆ. 2015ರಲ್ಲಿ ಕೌಂಟಿಯ ಶಿಕ್ಷಣ ಮಂಡಳಿ ಪ್ರೌಢಶಾಲೆಗಳ ಎರಡು ಗಂಟೆಗಳ ಅಂತಿಮ ಪರೀಕ್ಷೆಗಳನ್ನು ಕೈಬಿಡಲು ತೀರ್ಮಾನಿಸಿತು. ಅನಂತರ ಹಲವು ವರ್ಷ ನಡೆದ ಪದ್ಧತಿಯಲ್ಲಿ, ಸೆಮಿಸ್ಟರಿನ ಮೊದಲರ್ಧದಲ್ಲಿ 'ಎ', ಎರಡನೆಯ ಅರ್ಧದಲ್ಲಿ 'ಬಿ' ಬಂದರೆ ಒಟ್ಟು ಗ್ರೇಡು 'ಎ' ಆಗುತ್ತಿತ್ತು. ಮೊದಲರ್ಧದಲ್ಲಿ 90, ಮುಂದಿನರ್ಧದಲ್ಲಿ 80 ಪಡೆದ ವಿದ್ಯಾರ್ಥಿಗೆ 'ಎ'. ಎರಡರಲ್ಲೂ 89 ಪಡೆದ ವಿದ್ಯಾರ್ಥಿಗೆ 'ಬಿ'. ಎಂಬತ್ತೈದರ ಸರಾಸರಿಯವನು ಎಂಬತ್ತೊಂಬತ್ತರ ಸರಾಸರಿಯವಳನ್ನು ಹಿಂದೆ ಹಾಕುವ ಲೆಕ್ಕವಿದು. ಇಂಥ ಸಂಖ್ಯೆಯನ್ನು ಮಗುವಿನ ಯೋಗ್ಯತೆಯ ಅಂತಿಮ ತೀರ್ಪೆಂದು ಭಾವಿಸುವುದು ಹೇಗೆ?

ಕರ್ನಾಟಕದವರಿಗೆ ಈ ಗೊಂದಲ ಹೊಸದಲ್ಲ. ಕೋವಿಡ್ ಕಾರಣದಿಂದ 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿ, ಪ್ರಥಮ ಪಿಯುಸಿ ಮತ್ತು ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಸೇರಿಸಿ ಫಲಿತಾಂಶ ಪ್ರಕಟಿಸಲಾಯಿತು. ಆ ವರ್ಷ 600ಕ್ಕೆ 600 ಪಡೆದವರ ಸಂಖ್ಯೆ 2,239. ಇಂಜಿನಿಯರಿಂಗ್ ಪ್ರವೇಶದ ರೂಢಿಯ ಲೆಕ್ಕದಲ್ಲಿ ಪಿಯುಸಿ ಅಂಕಕ್ಕೆ ಅರ್ಧ ತೂಕ, ಸಿಇಟಿಗೆ ಅರ್ಧ ತೂಕ. ಮರುವರ್ಷ ಮತ್ತೆ ಸಿಇಟಿ ಬರೆದ 2021ರ ತಂಡದವರಿಗೆ ಪರೀಕ್ಷಾ ಪ್ರಾಧಿಕಾರ ಸಿಇಟಿ ಅಂಕವನ್ನಷ್ಟೇ ಪರಿಗಣಿಸಿತು. ಸುಮಾರು 24,000 ವಿದ್ಯಾರ್ಥಿಗಳ ರ‍್ಯಾಂಕಿನ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲೇರಿತು. 2022ರ ಸೆಪ್ಟೆಂಬರಿನಲ್ಲಿ ಏಕಸದಸ್ಯ ಪೀಠ ಪ್ರಾಧಿಕಾರದ ಕ್ರಮವನ್ನು ರದ್ದುಪಡಿಸಿತು. ಅನಂತರ ವಿಭಾಗೀಯ ಪೀಠದ ಮುಂದೆ ಹೊಂದಾಣಿಕೆಯ ಸೂತ್ರವೊಂದಕ್ಕೆ ಬರಬೇಕಾಯಿತು. ಪರೀಕ್ಷೆ ಬರೆದು ಬಂದ ಅಂಕ, ಬರೆಯದೆ ಬಂದ ಅಂಕ ಎರಡೂ ಕಾಗದದ ಮೇಲೆ ಒಂದೇ ಬಗೆಯಾಗಿ ಕಾಣುತ್ತವೆ. ಅವುಗಳ ಅರ್ಥ ಬೇರೆ ಎಂಬುದು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಾಗ ಹೊರಬಿತ್ತು.

ಹಾಗಾದರೆ ಸರಾಸರಿ ಅಂಕ ಏನನ್ನೂ ಹೇಳುವುದಿಲ್ಲವೆ? ಹೇಳುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 80,000 ವಿದ್ಯಾರ್ಥಿಗಳನ್ನು ಕುರಿತು ಸಾಲ್ ಗೈಸರ್ ಮತ್ತು ಮಾರಿಯಾ ವೆರೋನಿಕಾ ಸ್ಯಾಂಟೆಲಿಸೆಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ವರ್ಷಗಳ ಕಾಲೇಜು ಸಾಧನೆಯನ್ನು ಮುಂದಾಗಿ ಸೂಚಿಸುವುದರಲ್ಲಿ ಎಸ್‌ಎಟಿಯಂಥ ಪರೀಕ್ಷೆಗಿಂತ ಪ್ರೌಢಶಾಲೆಯ ಸರಾಸರಿಯೇ ಮೇಲು. ಒಂದು ಶನಿವಾರ ಮೂರು ಗಂಟೆ ಬರೆದ ಪರೀಕ್ಷೆ ತಿಳಿಸದ ಸಂಗತಿಯೊಂದನ್ನು ಅದು ತಿಳಿಸುತ್ತದೆ: ದಿನದಿನದ ಶಿಸ್ತು, ಬೇಸರದ ಪಾಠವನ್ನೂ ಮುಗಿಸುವ ತಾಳ್ಮೆ.

ಆದರೆ ಜಾನ್ ಫ್ರೀಡ್‌ಮನ್ ಅವರ ತಂಡ 2024ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್‌ನಂಥ ಅತಿ ಆಯ್ದ ಕಾಲೇಜುಗಳನ್ನು ಅಧ್ಯಯನ ಮಾಡಿದಾಗ ಕಂಡದ್ದು ಇದಕ್ಕೆ ತಿರುಗುಮುರುಗು. ಅಲ್ಲಿ ಪರೀಕ್ಷೆಯ ಅಂಕವೇ ಹೆಚ್ಚು ಹೇಳಿತು, ಸರಾಸರಿ ಕಡಿಮೆ ಹೇಳಿತು. ಈ ಎರಡು ಅಧ್ಯಯನಗಳನ್ನು ಎದುರುಬದುರಾಗಿ ನಿಲ್ಲಿಸಬೇಕಿಲ್ಲ. ಆ ಕಾಲೇಜುಗಳ ಬಾಗಿಲಿಗೆ ಬರುವವರೆಲ್ಲ 4ರ ಆಸುಪಾಸಿನವರೇ ಆಗಿರುವಾಗ ಸರಾಸರಿಗೆ ಒಬ್ಬರಿಂದ ಒಬ್ಬರನ್ನು ಬೇರ್ಪಡಿಸುವ ಶಕ್ತಿ ಉಳಿಯುವುದಿಲ್ಲ. ಗ್ರೇಡುಗಳೂ ದೇಶದಾದ್ಯಂತ ಉಬ್ಬುತ್ತ ಬಂದಿವೆ. ಎಸಿಟಿ ಸಂಸ್ಥೆಯ ವರದಿಯಂತೆ, ಅದರ ಪರೀಕ್ಷೆ ಬರೆದವರ ಸರಾಸರಿ ಜಿಪಿಎ 2010ರಲ್ಲಿ 3.22 ಇದ್ದದ್ದು 2021ಕ್ಕೆ 3.39 ಆಯಿತು, ಅದೇ ಅವಧಿಯಲ್ಲಿ ಪರೀಕ್ಷೆಯ ಅಂಕಗಳು ಏರಲಿಲ್ಲ. ಎಂಐಟಿ 2022ರಲ್ಲಿ, ಡಾರ್ಟ್‌ಮತ್ 2024ರಲ್ಲಿ ಪ್ರವೇಶ ಪರೀಕ್ಷೆಯ ಅಂಕಗಳನ್ನು ಮತ್ತೆ ಕಡ್ಡಾಯಗೊಳಿಸಲು ನಿರ್ಧರಿಸಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಇಲ್ಲಿ ನ್ಯಾಯದ ಪ್ರಶ್ನೆ ಏಳುತ್ತದೆ. ಪೊಟೋಮ್ಯಾಕ್ ನದಿಯ ಆಚೆ, ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿರುವ ಥಾಮಸ್ ಜೆಫರ್ಸನ್ ಪ್ರೌಢಶಾಲೆ ವಿಜ್ಞಾನ ಶಿಕ್ಷಣಕ್ಕೆ ಹೆಸರಾದದ್ದು. 2020ರಲ್ಲಿ ಅದರ ಪ್ರವೇಶ ಪರೀಕ್ಷೆಯನ್ನು ತೆಗೆದುಹಾಕಲಾಯಿತು. ಕನಿಷ್ಠ 3.5 ಸರಾಸರಿಯುಳ್ಳವರು ಅರ್ಜಿ ಹಾಕಬಹುದೆಂದೂ, ಪ್ರತಿ ಮಾಧ್ಯಮಿಕ ಶಾಲೆಯ ಎಂಟನೆಯ ತರಗತಿಯ ಶೇಕಡಾ 1.5ರಷ್ಟು ಮಕ್ಕಳಿಗೆ ಸ್ಥಾನ ಮೀಸಲೆಂದೂ ನಿಯಮವಾಯಿತು. ಅದುವರೆಗೆ ಪ್ರವೇಶ ಪಡೆದವರಲ್ಲಿ ಬಡ ಕುಟುಂಬದ ಮಕ್ಕಳು ಶೇಕಡಾ ಒಂದನ್ನೂ ಮುಟ್ಟಿರಲಿಲ್ಲ. ಹೊಸ ನಿಯಮದ ಮೊದಲ ತಂಡದಲ್ಲಿ ಅವರ ಪಾಲು ಸುಮಾರು 25 ಆಯಿತು. ಏಷ್ಯಾ ಮೂಲದ ಮಕ್ಕಳ ಪಾಲು ಸುಮಾರು 73ರಿಂದ 54ಕ್ಕೆ ಇಳಿಯಿತು. ಪೋಷಕರ ಒಕ್ಕೂಟವೊಂದು ಮೊಕದ್ದಮೆ ಹೂಡಿತು. 2023ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು; 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಿಚಾರಣೆಗೆ ಒಪ್ಪಲಿಲ್ಲ. ಆ ದಿನಗಳಲ್ಲಿ 'ಅರ್ಹತೆ ಸತ್ತಿತು' ಎಂಬ ಉದ್ಗಾರ ಭಾರತೀಯ ಮನೆಗಳಲ್ಲೂ ಕೇಳಿಬಂತು. ಸತ್ತದ್ದು ಅರ್ಹತೆಯೋ, ವರ್ಷಗಟ್ಟಲೆ ಕೋಚಿಂಗಿಗೆ ಹಣ ತೆರಬಲ್ಲವರಿಗೆ ಇದ್ದ ಅನುಕೂಲವೋ ಎಂದು ಕೇಳಿಕೊಂಡವರು ಕಡಿಮೆ. ತನ್ನ ಶಾಲೆಯ ಮಕ್ಕಳ ನಡುವೆ ಒಂದು ಮಗು ಎಲ್ಲಿ ನಿಂತಿದೆ ಎಂಬುದನ್ನು ಸರಾಸರಿ ಅಂಕ ಸಾಕಷ್ಟು ಪ್ರಾಮಾಣಿಕವಾಗಿ ಹೇಳಬಲ್ಲದು. ಬೇರೆ ಬೇರೆ ಶಾಲೆಗಳ ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲು ಹೊರಟಾಗ ಅದರ ಮಾತು ತೊದಲುತ್ತದೆ.

ಸರಾಸರಿಗೆ ನೇರವಾಗಿ ಹಣ ಕಟ್ಟಿದಾಗ ಏನಾಗುತ್ತದೆ ಎಂಬುದಕ್ಕೆ ಜಾರ್ಜಿಯಾ ಉದಾಹರಣೆ. ಅಟ್ಲಾಂಟಾದ ಕನ್ನಡ ಕುಟುಂಬಗಳಿಗೆ ಹೋಪ್ ವಿದ್ಯಾರ್ಥಿವೇತನ ಚಿರಪರಿಚಿತ. 1993ರಲ್ಲಿ ರಾಜ್ಯ ಲಾಟರಿಯ ಹಣದಿಂದ ಆರಂಭವಾದ ಈ ಯೋಜನೆಗೆ 3.0 ಸರಾಸರಿ ಬೇಕು. ಕಾಲೇಜು ಸೇರಿದ ಮೇಲೂ ಅದನ್ನು ಉಳಿಸಿಕೊಳ್ಳಬೇಕು. ಸಾವಿರಾರು ಮಕ್ಕಳು ಇದರಿಂದ ಸಾಲದ ಹೊರೆಯಿಲ್ಲದೆ ಓದಿದ್ದಾರೆ. ಆದರೆ ಜಾರ್ಜಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿ ಕಾರ್ನ್‌ವೆಲ್, ಲೀ, ಮಸ್ಟರ್ಡ್ ಎಂಬ ಅರ್ಥಶಾಸ್ತ್ರಜ್ಞರು 2005ರಲ್ಲಿ ಇನ್ನೊಂದು ಮುಖವನ್ನೂ ತೋರಿಸಿದರು. ಯೋಜನೆ ಬಂದ ಮೇಲೆ ಪೂರ್ಣ ಪ್ರಮಾಣದ ಪಾಠಗಳನ್ನು ತೆಗೆದುಕೊಳ್ಳುವವರು ಕಡಿಮೆಯಾದರು. ನಡುವೆಯೇ ಪಾಠ ಬಿಡುವವರು ಹೆಚ್ಚಿದರು. ಕೆಲವು ಪಾಠಗಳು ಬೇಸಿಗೆಗೆ ಸರಿದವು. ಸೋಮಾರಿತನವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಒಂದು ಕಡಿಮೆ ಗ್ರೇಡಿನ ಬೆಲೆ ಸಾವಿರಾರು ಡಾಲರ್ ಎಂದು ತಿಳಿದ ವಿದ್ಯಾರ್ಥಿ ಕಷ್ಟದ ಪಾಠದಿಂದ ದೂರ ಸರಿಯುವುದು ಸಹಜ. ವಿದ್ಯೆಯನ್ನು ಅಳೆಯಲು ಬಂದ ಸಂಖ್ಯೆ ವಿದ್ಯೆಯನ್ನೇ ಕಿರಿದುಗೊಳಿಸುವ ಬಗೆಯಿದು.

ಉದ್ಯೋಗದ ಕಡೆಗೆ ಬಂದರೆ ಚಿತ್ರ ಬೇಗ ಬದಲಾಗುತ್ತದೆ. ಕಾಲೇಜುಗಳು ಮತ್ತು ಉದ್ಯೋಗದಾತರ ರಾಷ್ಟ್ರೀಯ ಸಂಘದ 2019ರ ವರದಿಯಲ್ಲಿ, ಹೊಸ ಪದವೀಧರರನ್ನು ಜಿಪಿಎ ನೋಡಿ ಸೋಸುವ ಉದ್ಯೋಗದಾತರು ಶೇಕಡಾ 73ರಷ್ಟಿದ್ದರು. 2023ರ ವರದಿಯಲ್ಲಿ ಅವರು 37ರಷ್ಟು. ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್, ಆಗತಾನೆ ಕಾಲೇಜು ಮುಗಿಸಿದವರನ್ನು ಬಿಟ್ಟರೆ ಉಳಿದವರ ನೇಮಕಾತಿಗೆ ಜಿಪಿಎಯಿಂದ ಪ್ರಯೋಜನವಿಲ್ಲವೆಂದು 2013ರಲ್ಲಿಯೇ ಹೇಳಿದ್ದರು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಫಿಲಿಪ್ ರಾತ್ ಮತ್ತು ಸಂಗಡಿಗರು ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ: ಗ್ರೇಡಿಗೂ ಕೆಲಸದ ನಿರ್ವಹಣೆಗೂ ಸಂಬಂಧವಿದೆ, ಪದವಿ ಮುಗಿದು ವರ್ಷಗಳು ಉರುಳಿದಂತೆ ಅದು ಸಡಿಲವಾಗುತ್ತದೆ. ಇದಕ್ಕೆ ಅಪವಾದಗಳಿವೆ. ವೈದ್ಯಕೀಯ ಕಾಲೇಜು ಸೇರುವವರ ಪದವಿ ಸರಾಸರಿ ಈಗ 3.7ನ್ನೂ ಮೀರಿದೆ. ಕಾನೂನು ಕಾಲೇಜುಗಳೂ ಆ ಸಂಖ್ಯೆಯನ್ನು ಬಿಗಿಯಾಗಿ ನೋಡುತ್ತವೆ. ಆದರೆ ಅಲ್ಲಿ ನೋಡುವುದು ಕಾಲೇಜಿನ ಸರಾಸರಿಯನ್ನು. ಪ್ರೌಢಶಾಲೆಯದು ಆ ಹೊತ್ತಿಗೆ ಹಳೆಯ ಕಡತ ಸೇರಿರುತ್ತದೆ.

ಹೆಸರಾಂತ ಕಾಲೇಜಿಗೇ ಹೋಗಬೇಕೆಂಬ ಹಟಕ್ಕೂ ಇದೇ ಪ್ರಶ್ನೆ ಕೇಳಬೇಕು. ಸ್ಟೇಸಿ ಡೇಲ್ ಮತ್ತು ಆಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ ಒಂದೇ ಬಗೆಯ ಉತ್ತರ ಪಡೆದ ವಿದ್ಯಾರ್ಥಿಗಳನ್ನು ಹೋಲಿಸಿದರು. ಹೆಚ್ಚು ಆಯ್ದ ಕಾಲೇಜಿಗೆ ಹೋದವರ ಮತ್ತು ಅದನ್ನು ಬಿಟ್ಟು ಬೇರೆಡೆ ಓದಿದವರ ಮುಂದಿನ ಸಂಪಾದನೆಯಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆದರೆ ಬಡ ಕುಟುಂಬದ ಮಕ್ಕಳಿಗೆ ಅಂತರವಿತ್ತು. ಮುಂದಿನ ಸಂಶೋಧನೆಯಲ್ಲಿ ಕಪ್ಪು ಮತ್ತು ಹಿಸ್ಪ್ಯಾನಿಕ್ ವಿದ್ಯಾರ್ಥಿಗಳಿಗೆ, ಹೆಚ್ಚು ಓದಿರದ ತಂದೆತಾಯಿಯರ ಮಕ್ಕಳಿಗೆ ಆಯ್ದ ಕಾಲೇಜಿನಿಂದ ಲಾಭವಾದದ್ದು ಕಂಡಿತು.

ಇಡೀ ವಿಷಯದ ತಿರುಳು ಇಲ್ಲಿದೆ. ಎರಡು ಎಂಜಿನಿಯರ್ ಸಂಬಳ ಬರುವ ಜರ್ಮನ್‌ಟೌನಿನ ಮನೆಯ ಮಗುವಿಗೆ 3.7ರ ಬದಲು 3.9 ಬಂದರೆ ಬದುಕಿನ ದಾರಿ ಹೆಚ್ಚು ಬದಲಾಗದು. ಪರಿಚಯ, ಹಣ, ಮನೆಯೊಳಗಿನ ಮಾರ್ಗದರ್ಶನ, ಎರಡನೆಯ ಅವಕಾಶ ಎಲ್ಲವೂ ಅದರ ಬೆನ್ನಿಗಿವೆ. ಅದೇ ಊರಿನಲ್ಲಿ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನ ಅಡಿಗೆಮನೆಯಲ್ಲೋ ದುಡಿಯುವವರ ಮಗುವಿಗೆ ಆ ಸಂಖ್ಯೆಯೇ ದೊಡ್ಡ ಆಸ್ತಿ. ಅದನ್ನು ಬಿಟ್ಟರೆ ತೋರಿಸಲು ದುಬಾರಿ ಬೇಸಿಗೆ ಶಿಬಿರವಾಗಲಿ, ಕೂಲಿ ಕೊಟ್ಟು ತಿದ್ದಿಸಿದ ಪ್ರಬಂಧವಾಗಲಿ ಇರುವುದಿಲ್ಲ. ಆದ್ದರಿಂದ 'ಅಂಕ ಬೇಡವೇ ಬೇಡ' ಎಂಬ ಘೋಷಣೆ ಕೇಳಲು ಉದಾರವಾಗಿದ್ದರೂ ಪರಿಣಾಮದಲ್ಲಿ ಉಳ್ಳವರ ಪರವಾಗಬಹುದು. ಅಂಕದ ಬಗ್ಗೆ ಅತಿ ಹೆಚ್ಚು ಕಳವಳಪಡುತ್ತಿರುವವರು ಅದರ ಅಗತ್ಯ ಅತಿ ಕಡಿಮೆ ಇರುವವರು ಎಂಬುದೇ ಇಂದಿನ ವಿಪರ್ಯಾಸ.

ಈ ಕಳವಳದ ಬೇರು ಊರಿನಲ್ಲಿದೆ. ಒಂದು ಅಂಕಕ್ಕೆ ಸೀಟು ತಪ್ಪುತ್ತಿದ್ದ ಕಾಲದಲ್ಲಿ ಬೆಳೆದ ತಲೆಮಾರು ಆ ನೆನಪನ್ನು ಪಾಸ್‌ಪೋರ್ಟಿನ ಜೊತೆಗೇ ತಂದಿತು. ಶೇಕಡಾ 60 ಬಂದರೆ ಪ್ರಥಮ ದರ್ಜೆಯೆಂದು ಸಿಹಿ ಹಂಚಿದ ಮನೆಗಳಿಂದ ಬಂದವರೂ ಮಕ್ಕಳ 'ಬಿ' ಗ್ರೇಡಿಗೆ ಮುಖ ಬಾಡಿಸಿಕೊಳ್ಳುತ್ತಾರೆ. ಅಲ್ಲಿ ಸೀಟು ತಪ್ಪಿದರೆ ಬಾಗಿಲು ಮುಚ್ಚುತ್ತಿತ್ತು. ಇಲ್ಲಿ ಜರ್ಮನ್‌ಟೌನಿನ ನಡುವೆಯೇ ಮಾಂಟ್‌ಗಮರಿ ಕಾಲೇಜಿನ ಆವರಣವಿದೆ. ಅಲ್ಲಿ ಎರಡು ವರ್ಷ ಕಡಿಮೆ ಖರ್ಚಿನಲ್ಲಿ ಓದಿ, ರಾಜ್ಯದ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದು. ರಾಕ್‌ವಿಲ್‌ನ ಶೇಡಿಗ್ರೋವ್ ಕೇಂದ್ರದಲ್ಲಿ ಮೇರಿಲ್ಯಾಂಡಿನ ಹಲವು ಸಾರ್ವಜನಿಕ ವಿಶ್ವವಿದ್ಯಾಲಯಗಳು ಪಾಠ ನಡೆಸಿ ತಮ್ಮದೇ ಪದವಿ ಕೊಡುತ್ತವೆ. ಆ ದಾರಿ ಹಿಡಿದವರಿಗೆ ಹದಿನೈದನೆಯ ವಯಸ್ಸಿನ ಗ್ರೇಡು ಆಜೀವ ಶಿಕ್ಷೆಯಾಗುವುದಿಲ್ಲ. ಆದರೂ ಸಮುದಾಯ ಕಾಲೇಜು ಎಂಬ ಮಾತನ್ನು ಕನ್ನಡ ಮನೆಗಳಲ್ಲಿ ಸೋಲಿನ ಇನ್ನೊಂದು ಹೆಸರೆಂಬಂತೆ ತಗ್ಗಿದ ದನಿಯಲ್ಲಿ ಆಡಲಾಗುತ್ತದೆ.

ಬದಲಾಗಬೇಕಾದದ್ದು ಆ ದನಿ. ಕನ್ನಡ ಸಂಘಗಳ ಯುಗಾದಿ, ರಾಜ್ಯೋತ್ಸವದ ವೇದಿಕೆಗಳಲ್ಲಿ ಐವಿ ಲೀಗ್ ಸೇರಿದವರಿಗೆ ಶಾಲು ಹೊದಿಸುವ ಹೊತ್ತಿನಲ್ಲೇ, ಸಮುದಾಯ ಕಾಲೇಜಿನಿಂದ ಪದವಿಯ ಕಡೆಗೆ ನಡೆದವರನ್ನೂ ಕರೆಯಬಹುದು. ಅರ್ಜಿ ತುಂಬುವ ಅನುಭವವಿರುವ ಮನೆಯವರು, ಅದಿಲ್ಲದ ಮನೆಯ ಮಗುವಿನೊಂದಿಗೆ ಒಂದು ಸಂಜೆ ಕೂರಬಹುದು. ಆ ಮಗು ಕನ್ನಡದ್ದೇ ಆಗಿರಬೇಕೆಂದೇನೂ ಇಲ್ಲ. ಮನೆಯಲ್ಲಿ 'ಎಷ್ಟು ಬಂತು' ಎಂಬ ಪ್ರಶ್ನೆಗೆ ಮೊದಲು 'ಯಾವುದು ಕಷ್ಟವಾಯಿತು' ಎಂದು ಕೇಳಬಹುದು. ಕಷ್ಟದ ಭೌತಶಾಸ್ತ್ರದ ತರಗತಿಯನ್ನು ಆರಿಸಿಕೊಂಡು 'ಬಿ' ತಂದ ಹುಡುಗಿ ಅಂದು ರಾತ್ರಿ ತಲೆತಗ್ಗಿಸದೆ ಊಟಕ್ಕೆ ಕೂರುವಂತಾದರೆ, ಅವಳು ಮುಂದಿನ ವರ್ಷವೂ ಕಷ್ಟದ ತರಗತಿಯನ್ನೇ ಆರಿಸಿಕೊಂಡಾಳು.