ಶುಕ್ರವಾರದ ಮೀನು ಯಾರ ಬಾಣಲೆಯದು?



ಯೇಸುವನ್ನು ಶಿಲುಬೆಗೇರಿಸಿದ್ದು ಶುಕ್ರವಾರ. ಆ ನೆನಪಿಗಾಗಿ ಕ್ಯಾಥೊಲಿಕರು ಅಂದು ಮಾಂಸ ಬಿಡುತ್ತಿದ್ದರು, ಮೀನಿಗೆ ಅಡ್ಡಿಯಿರಲಿಲ್ಲ. ಇಂಗ್ಲೆಂಡಿನಲ್ಲಿ ಈ ವ್ರತಕ್ಕೆ ಒದಗಿಬಂದದ್ದು ಕರಿದ ಮೀನು ಮತ್ತು ಆಲೂಗೆಡ್ಡೆ ಚಿಪ್ಸ್.

ಮೀನು ಕರಿಯುವ ಈ ರೀತಿಯನ್ನು ಲಂಡನ್ನಿಗೆ ತಂದವರು ಸ್ಪೇನ್, ಪೋರ್ಚುಗಲ್‌ಗಳ ಯೆಹೂದ್ಯರೆಂದು ಇತಿಹಾಸಕಾರರು ಹೇಳುತ್ತಾರೆ. ಆ ದೇಶಗಳಲ್ಲಿ ಕ್ಯಾಥೊಲಿಕ್ ಆಳ್ವಿಕೆಯ ಕಿರುಕುಳ ತಾಳದೆ ಓಡಿಬಂದವರು ಅವರು. 19ನೇ ಶತಮಾನದಲ್ಲಿ ರೈಲಿನಿಂದಾಗಿ ಸಮುದ್ರದ ಮೀನು ಗಿರಣಿ ಊರುಗಳಿಗೂ ತಲುಪಿತು. ವ್ರತದೂಟ ಕಾರ್ಮಿಕರ ವಾರದ ಹಬ್ಬವಾಯಿತು. ಎರಡನೇ ಮಹಾಯುದ್ಧದಲ್ಲೂ ಸರ್ಕಾರ ಇದಕ್ಕೆ ಪಡಿತರ ಹೇರಲಿಲ್ಲ.

1966ರಲ್ಲಿ ಪೋಪ್ ಆರನೇ ಪಾಲ್ ಸಡಿಲಿಕೆಗೆ ದಾರಿ ತೆರೆದರು. ಇಂಗ್ಲೆಂಡಿನಲ್ಲಿ ನಿಯಮ ಸಡಿಲವಾಯಿತು, 2011ರಲ್ಲಿ ಮರಳಿತು. ನಡುವೆ ಶುಕ್ರವಾರದ ಮೀನು ಮಾತ್ರ ಊಟದ ಮೇಜು ಬಿಡಲಿಲ್ಲ.

ಒಂದು ಮತದ ವ್ರತಕ್ಕೆ ರುಚಿ ಕೊಟ್ಟದ್ದು ಅದೇ ಮತದವರು ಓಡಿಸಿದವರ ಬಾಣಲೆ. ಊಟಕ್ಕೆ ಕೂತಾಗ ಇದು ನೆನಪಿರಲಿ.